ನೆಲದಲ್ಲಿ ಟ್ಯಾಗು, ಮೇಲೆ ಚಾಲಕನಿಲ್ಲದ ಗಾಡಿ: ಆರ್‌ಎಫ್‌ಐಡಿ ಕೂರಿಸುವಾಗ ಗಮನಿಸಬೇಕಾದ್ದು

ಆರ್‌ಎಫ್‌ಐಡಿ, ಅಂದರೆ ಟ್ಯಾಗಿನ ಗುರುತನ್ನು ಮುಟ್ಟದೆ ರೇಡಿಯೋ ಮೂಲಕ ರೀಡರ್ ಓದುವ ಪದ್ಧತಿ, ಅಂದ ಕೂಡಲೇ ಹೆಚ್ಚಿನವರು ಕೇಳುವುದು "ಎಷ್ಟು ದೂರದಿಂದ ಓದುತ್ತೆ?" ಅಂತ. ಟೋಲ್ ಗೇಟಿನ ಫಾಸ್ಟ್ಯಾಗಿಗೆ ಆ ಪ್ರಶ್ನೆ ಸರಿ. ಕಾರ್ಖಾನೆಯೊಳಗೆ ತಾನೇ ಓಡಾಡುವ ಎಜಿವಿ ಗಾಡಿಗೆ ದಾರಿ ಗೊತ್ತುಮಾಡಲು ಟ್ಯಾಗು ಹಾಕುವಾಗ ಕೇಳಬೇಕಾದ್ದು ಅದರ ತದ್ವಿರುದ್ಧ: ಎಷ್ಟು ಹತ್ತಿರ ಬಂದರೆ ಮಾತ್ರ ಓದುತ್ತೆ? ಮೂರು ಮೀಟರ್ ಆಚೆಯ ಟ್ಯಾಗು ಓದಿಸಿಕೊಂಡರೆ "ಇಲ್ಲೆಲ್ಲೋ ಇದ್ದೀಯ" ಎಂದಷ್ಟೇ ಗಾಡಿಗೆ ತಿಳಿಯುತ್ತದೆ. ಅದರಿಂದ ಕನ್ವೇಯರಿನ ಮುಂದೆ ನಿಲ್ಲಲಾಗದು.

ನೆಲದ ಟ್ಯಾಗು ಒಂದು ಮೈಲಿಗಲ್ಲು, ಅಷ್ಟೇ. ಎರಡು ಕಲ್ಲುಗಳ ನಡುವೆ ಗಾಡಿ ತನ್ನ ಚಕ್ರದ ತಿರುಗುವಿಕೆ ಅಳೆಯುವ ಎನ್‌ಕೋಡರ್ ಎಣಿಸಿಕೊಂಡೇ ಸಾಗಬೇಕು. ಆ ಎಣಿಕೆ ಎಷ್ಟು ಬೇಗ ಕೆಡುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ. 150 ಮಿ.ಮೀ. ವ್ಯಾಸದ ಪಾಲಿಯುರೇಥೇನ್ ಚಕ್ರ ಸವೆದು 149 ಆದರೆ ದೂರದಲ್ಲಿ 0.67 ಶೇಕಡಾ ತಪ್ಪು, ಅಂದರೆ 10 ಮೀಟರಿಗೆ 67 ಮಿ.ಮೀ. ದಿಕ್ಕಿನ ತಪ್ಪು ಇನ್ನೂ ಕೆಟ್ಟದ್ದು. ಒಂದೇ ಒಂದು ಡಿಗ್ರಿ ಓರೆಯಾಗಿ ಹೊರಟ ಗಾಡಿ 10 ಮೀಟರ್ ಹೋಗುವಷ್ಟರಲ್ಲಿ 175 ಮಿ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಟ್ಯಾಗಿನ ಕೆಲಸ ಈ ತಪ್ಪು ಬೆಳೆಯುವ ಮೊದಲೇ ಅದನ್ನು ಸೊನ್ನೆಗೆ ತರುವುದು. ಹಾಗಾಗಿ ಎಷ್ಟು ದೂರಕ್ಕೊಂದು ಟ್ಯಾಗು ಬೇಕೆಂಬುದನ್ನು ತೀರ್ಮಾನಿಸುವುದು ಚಕ್ರದ ಗುಣ. ರೀಡರಿನ ಗುಣ ನೋಡಿ ಅದನ್ನು ಹೇಳಲಾಗದು.

ಉಗ್ರಾಣದ ರೋಬಾಟುಗಳಲ್ಲಿ ನೆಲಕ್ಕೆ ಅಂಟಿಸಿದ ಎರಡು ಆಯಾಮದ ಬಾರ್‌ಕೋಡನ್ನು ಕ್ಯಾಮೆರಾದಿಂದ ಓದಿಸುವ ಪದ್ಧತಿ ಹೆಚ್ಚು. ಕೋನವೂ ಅದರಿಂದಲೇ ಸಿಗುತ್ತದೆ, ನಿಖರತೆಯೂ ಚೆನ್ನ. ನೆಲ ಸ್ವಚ್ಛವಾಗಿದ್ದರೆ ಅದೇ ಒಳ್ಳೆಯದು, ಆರ್‌ಎಫ್‌ಐಡಿಗೆ ಹಟ ಹಿಡಿಯುವ ಅಗತ್ಯವಿಲ್ಲ. ಕೂಲೆಂಟ್ ಚೆಲ್ಲುವ, ಫೋರ್ಕ್‌ಲಿಫ್ಟ್ ಉಜ್ಜಿಕೊಂಡು ಹೋಗುವ ಮಷಿನ್ ಶಾಪಿನಲ್ಲಿ ಆ ಸ್ಟಿಕ್ಕರು ಬಾಳುವುದಿಲ್ಲ. ಕಾಂಕ್ರೀಟಿನೊಳಗೆ ಹೂತು ಮೇಲೆ ಎಪಾಕ್ಸಿ ಸುರಿದ ಟ್ಯಾಗಿಗೆ ಎಣ್ಣೆಯೂ ಲೆಕ್ಕಕ್ಕಿಲ್ಲ, ಧೂಳೂ ಲೆಕ್ಕಕ್ಕಿಲ್ಲ.

ಯಾವ ಆವರ್ತನ?

ಮೂರು ಆಯ್ಕೆ ಇವೆ. ಕೆಳ ಆವರ್ತನ 125 ಅಥವಾ 134.2 ಕಿಲೋಹರ್ಟ್ಸ್, ಮಧ್ಯದ್ದು 13.56 ಮೆಗಾಹರ್ಟ್ಸ್, ಮೇಲಿನದು ಯುಹೆಚ್‌ಎಫ್. ಭಾರತದಲ್ಲಿ ಯುಹೆಚ್‌ಎಫ್ ಟ್ಯಾಗುಗಳು, ಫಾಸ್ಟ್ಯಾಗೂ ಸೇರಿ, 865–868 ಮೆಗಾಹರ್ಟ್ಸ್‌ನಲ್ಲಿ ನಡೆಯುತ್ತವೆ. ಅಲ್ಲಿ ಅಲೆಯ ಉದ್ದ ಸುಮಾರು 34.6 ಸೆಂ.ಮೀ. ನೆಲ, ಗೋಡೆ, ರ‍್ಯಾಕುಗಳಿಂದ ಪ್ರತಿಫಲಿಸಿದ ಅಲೆ ನೇರ ಅಲೆಯ ಜತೆ ಸೇರಿ ಸುಮಾರು 17 ಸೆಂ.ಮೀ.ಗೊಮ್ಮೆ ಒಂದು ಕುರುಡು ಜಾಗ ಹುಟ್ಟಬಹುದು. ಟ್ಯಾಗು ಒಂದು ಕ್ಷಣ ಕಾಣುತ್ತದೆ, ಮರುಕ್ಷಣ ಇಲ್ಲ, ಆಮೇಲೆ ಮತ್ತೆ ಕಾಣುತ್ತದೆ. ಸ್ಥಾನ ಹಿಡಿಯಲು ಇಂಥ ಓದು ಬಳಸುವುದು ಕಷ್ಟ.

ಕೆಳ ಆವರ್ತನದ ಗಾಜಿನ ಕೊಳವೆ ಟ್ಯಾಗು ಗಟ್ಟಿಮುಟ್ಟು, ನೀರಿಗೆ ಜಗ್ಗುವುದಿಲ್ಲ. 2002ರಲ್ಲಿ ಶುರುವಾದ ಹ್ಯಾಂಬರ್ಗಿನ ಆಲ್ಟನ್‌ವೆರ್ಡರ್ ಕಂಟೇನರ್ ಟರ್ಮಿನಲ್ಲಿನ ಎಜಿವಿಗಳು ದಾರಿ ಹಿಡಿಯುವುದು ನೆಲದಲ್ಲಿ ಸಾವಿರಾರು ಸಂಖ್ಯೆಯಲ್ಲಿ ಹೂತ ಟ್ರಾನ್ಸ್‌ಪಾಂಡರುಗಳಿಂದಲೇ (ಕೇಳಿದಾಗ ಉತ್ತರಿಸುವ ಟ್ಯಾಗು). ಆದರೆ 134.2 ಕಿಲೋಹರ್ಟ್ಸ್‌ನ ಹಾಫ್ ಡ್ಯುಪ್ಲೆಕ್ಸ್ ಟ್ಯಾಗು ನಿಧಾನಿ. ಸುಮಾರು 50 ಮಿಲಿಸೆಕೆಂಡು ಅದಕ್ಕೆ ಶಕ್ತಿ ತುಂಬಬೇಕು, ಇನ್ನು 20 ಮಿಲಿಸೆಕೆಂಡು ಅದು ಉತ್ತರ ಕೊಡುವವರೆಗೆ ಕಾಯಬೇಕು. ಜತೆಗೆ ಮೋಟಾರ್ ಡ್ರೈವಿನ ಪಿಡಬ್ಲ್ಯುಎಂ (ವಿದ್ಯುತ್ತನ್ನು ವೇಗವಾಗಿ ಆನ್-ಆಫ್ ಮಾಡುವ ಕ್ರಮ) ಸದ್ದಿನ ಗುಣಕಗಳು ನೇರವಾಗಿ ಈ ಆವರ್ತನಕ್ಕೇ ಬಂದು ಬೀಳುತ್ತವೆ. ಗಾಡಿ ನಿಂತಾಗ ಸೊಗಸಾಗಿ ಓದಿ, ಮೋಟಾರ್ ಆನ್ ಆದೊಡನೆ ಮಂಕಾಗುವ ರೀಡರ್ ಇದ್ದರೆ ಕಾರಣ ಬಹುತೇಕ ಇದೇ.

ಶಾಪ್‌ಫ್ಲೋರಿಗೆ ನನ್ನ ಮತ 13.56ಕ್ಕೆ, ಅದರಲ್ಲೂ ಐಎಸ್‌ಒ 15693 ಮಾನದಂಡದ ಟ್ಯಾಗಿಗೆ. ಎನ್‌ಎಕ್ಸ್‌ಪಿಯ ಐಕೋಡ್ ಸ್ಲಿಕ್ಸ್ ಚಿಪ್ ಇರುವ 30 ಮಿ.ಮೀ. ಬಿಲ್ಲೆಗಳು ಸುಲಭವಾಗಿ ಸಿಗುತ್ತವೆ. 64 ಬಿಟ್‌ನ ಬದಲಾಗದ ಗುರುತಿನ ಸಂಖ್ಯೆ, ಅದರ ಮೇಲೆ ನಾವು ಬರೆದುಕೊಳ್ಳಲು ನಾಲ್ಕು ನಾಲ್ಕು ಬೈಟಿನ 28 ಬ್ಲಾಕು. ಸಾಕಷ್ಟಾಯಿತು.

ಹಾಗಂತ ಯುಹೆಚ್‌ಎಫ್ ಎಲ್ಲ ಕಡೆಯೂ ತಪ್ಪು ಅಂತಲ್ಲ. ರೈಲ್ವೆಯ 'ಕವಚ' ನೋಡಿ. ಅದು ಚಾಲಕರಹಿತ ವ್ಯವಸ್ಥೆಯಲ್ಲ, ಚಾಲಕ ತಪ್ಪಿದಾಗ ಬ್ರೇಕ್ ಹಾಕುವಂಥದ್ದು. ಆದರೆ ರೈಲು ತಾನೆಲ್ಲಿದ್ದೇನೆ ಎಂದು ತಿಳಿಯುವ ಬಗೆ ಇದೇ: ಹಳಿಯ ನಡುವೆ ಸ್ಲೀಪರಿನ ಮೇಲೆ ಆರ್‌ಎಫ್‌ಐಡಿ ಟ್ಯಾಗು, ಎಂಜಿನ್ನಿನ ಹೊಟ್ಟೆಯಡಿ ರೀಡರ್, ನಡುವಿನ ದೂರಕ್ಕೆ ಚಕ್ರದ ಎಣಿಕೆ. ಕಿಲೋಮೀಟರಿಗೊಂದು ಕಡೆ, ಜತೆಗೆ ಪ್ರತಿ ಸಿಗ್ನಲಿನ ಬಳಿ ಟ್ಯಾಗು ಇರುತ್ತದೆ. 2016ರ ಫೆಬ್ರವರಿಯಲ್ಲಿ ಪ್ರಯಾಣಿಕರ ರೈಲಿನ ಮೇಲೆ ಪ್ರಯೋಗ ಶುರುವಾಯಿತು. ದಕ್ಷಿಣ ಮಧ್ಯ ರೈಲ್ವೆಯಲ್ಲಿ ಆರಂಭದ ಪ್ರಯೋಗ ನಡೆದ ಮಾರ್ಗಗಳಲ್ಲಿ ನಮ್ಮ ವಾಡಿ, ಬೀದರ್ ಎರಡೂ ಬರುತ್ತವೆ: ಲಿಂಗಂಪಲ್ಲಿ–ವಿಕಾರಾಬಾದ್–ವಾಡಿ, ಮತ್ತು ವಿಕಾರಾಬಾದ್–ಬೀದರ್. 160 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 44 ಮೀಟರ್. ನಮ್ಮ ಎಜಿವಿಯ 140 ಮಿ.ಮೀ. ಓದುವಲಯವನ್ನು (ಟ್ಯಾಗು ಓದಿಸಿಕೊಳ್ಳುವಷ್ಟು ಉದ್ದದ ಜಾಗ, ಲೆಕ್ಕ ಮುಂದಿದೆ) ಆ ರೈಲು 3 ಮಿಲಿಸೆಕೆಂಡಿನಲ್ಲಿ ದಾಟಿಬಿಡುತ್ತದೆ, 13.56ರ ಟ್ಯಾಗು ಬಾಯಿ ತೆರೆಯುವಷ್ಟರಲ್ಲಿ ಗಾಡಿ ಆಚೆ. ಮೀಟರಿನಷ್ಟು ಅಗಲದ ವಲಯವೂ ವೇಗದ ಸಂಭಾಷಣೆಯೂ ಬೇಕಾದಲ್ಲಿ ಯುಹೆಚ್‌ಎಫ್ ಹೊಂದುತ್ತದೆ. ಅಲ್ಲಿ ಅರ್ಧ ಮೀಟರ್ ಆಚೀಚೆ ಆದರೂ ನಡೆಯುತ್ತದೆ. ಯಾವ ಹಳಿಯ ಮೇಲಿದ್ದೇನೆ ಎಂಬುದು ಮಾತ್ರ ತಪ್ಪಬಾರದು. ನಾಲ್ಕೈದು ಮೀಟರ್ ಅಂತರದ ಜೋಡಿ ಹಳಿಗಳಲ್ಲಿ ಸಾದಾ ಜಿಪಿಎಸ್ ಒಂದನ್ನು ನಂಬಿ ಅದನ್ನು ಹೇಳಲಾಗದು.

ಓದುವಲಯದ ಲೆಕ್ಕ

ಐಎಸ್‌ಒ 15693ರಲ್ಲಿ ಹೆಚ್ಚಿನ ವೇಗ ಸೆಕೆಂಡಿಗೆ 26.48 ಕಿಲೋಬಿಟ್. ಯಾರಿದ್ದೀರಿ ಎಂದು ಕೇಳಲು ರೀಡರ್ ಕಳಿಸುವ ಇನ್ವೆಂಟರಿ ಆದೇಶ 40 ಬಿಟ್, ಟ್ಯಾಗಿನ ಉತ್ತರ 96 ಬಿಟ್. ಶುರು, ಕೊನೆ, ನಡುವಿನ ವಿರಾಮ ಸೇರಿ ಹತ್ತಿರ ಹತ್ತಿರ 6 ಮಿಲಿಸೆಕೆಂಡು. ಗುರುತಿನ ಸಂಖ್ಯೆ ಹೇಳಿ ಒಂದು ಬ್ಲಾಕ್ ಓದಿಸಿದರೆ ಇನ್ನೂ 6 ಸೇರಿಸಿ. ಇದು ಗಾಳಿಯಲ್ಲಿ ಹಿಡಿಯುವ ಸಮಯ ಮಾತ್ರ. ರೀಡರಿನೊಳಗಿನ ಕೆಲಸ, ಗಾಡಿಯನ್ನು ನಡೆಸುವ ಕಂಟ್ರೋಲರ್ ಆದ ಪಿಎಲ್‌ಸಿಗೆ ಹೋಗುವ ಸಂದೇಶ ಎಲ್ಲ ಸೇರಿ ಒಂದು ಸುತ್ತಿಗೆ 20 ಮಿಲಿಸೆಕೆಂಡು ಇಟ್ಟುಕೊಳ್ಳುವುದು ಕ್ಷೇಮ.

120 ಮಿ.ಮೀ. ಉದ್ದದ ಲೂಪ್ ಆಂಟೆನಾಗೆ 140 ಮಿ.ಮೀ. ವಲಯ ಸಿಕ್ಕಿತು, ಗಾಡಿಯ ವೇಗ ಸೆಕೆಂಡಿಗೆ 0.8 ಮೀಟರ್ ಅನ್ನೋಣ. ಟ್ಯಾಗಿನ ಮೇಲೆ 175 ಮಿಲಿಸೆಕೆಂಡು ಇರುತ್ತೇವೆ, ಎಂಟು ಓದು ಸಿಗುತ್ತವೆ. ಕನಿಷ್ಠ ಮೂರು ಓದು ಇರಲೇಬೇಕು ಎಂಬ ನಿಯಮ ಇಟ್ಟುಕೊಂಡರೆ ಗರಿಷ್ಠ ವೇಗ 0.14 ಭಾಗ 0.06, ಅಂದರೆ ಸೆಕೆಂಡಿಗೆ 2.3 ಮೀಟರ್. ಒಂದೇ ಓದಿನ ಮೇಲೆ ನಿಂತ ವಿನ್ಯಾಸವನ್ನು ನಂಬಬೇಡಿ. ಅದು ಡೆಮೊ ದಿನ ಓಡುತ್ತದೆ, ಮಳೆಗಾಲದಲ್ಲಿ ನಿಲ್ಲುತ್ತದೆ.

ರೀಡರಿನ ಸೆಟ್ಟಿಂಗಿನಲ್ಲಿ ಒಂದು ಸಣ್ಣ ವಿಷಯ ಬಹಳ ತೊಂದರೆ ಕೊಡುತ್ತದೆ. ಕಾರ್ಖಾನೆಯಿಂದ ಬರುವಾಗಲೇ ಅದು ಹದಿನಾರು ಸ್ಲಾಟಿನ (ಟ್ಯಾಗುಗಳು ಉತ್ತರಿಸುವ ಸರದಿ) ಇನ್ವೆಂಟರಿಯಲ್ಲಿರಬಹುದು. ಅದು ಒಂದೇ ಬಾರಿಗೆ ಹಲವು ಟ್ಯಾಗುಗಳನ್ನು ಓದಲು ಮಾಡಿದ ಕ್ರಮ, ಒಂದು ಸುತ್ತಿಗೇ ಹತ್ತಾರು ಮಿಲಿಸೆಕೆಂಡು ತಿನ್ನುತ್ತದೆ. ನಮಗೆ ಒಂದು ಸಲಕ್ಕೆ ಒಂದೇ ಟ್ಯಾಗು ಎದುರಾಗುವುದರಿಂದ ಒಂದೇ ಸ್ಲಾಟಿಗೆ ಬದಲಿಸಿ. ಆದರೆ ಹಾಗೆ ಮಾಡಿದ ಮೇಲೆ ವಲಯದೊಳಗೆ ಎರಡು ಟ್ಯಾಗು ಬಂದರೆ ಎರಡೂ ಒಟ್ಟಿಗೆ ಮಾತಾಡಿ ಒಂದೂ ಕೇಳಿಸುವುದಿಲ್ಲ. ಟ್ಯಾಗುಗಳ ನಡುವೆ ಕನಿಷ್ಠ 300 ಮಿ.ಮೀ. ಬಿಡಿ.

ಪಕ್ಕದ ವಲಯ ಎಂಬ ಮೋಸ

ಗಾಡಿ ಒಂದೇ ಟ್ಯಾಗನ್ನು ಎರಡು ಸಲ ಕಂಡಂತೆ ಲಾಗ್‌ನಲ್ಲಿ ಬರುತ್ತದೆ: ಮೊದಲು ಒಂದು ಕ್ಷೀಣ ಓದು, ಒಂದಿಷ್ಟು ಖಾಲಿ, ಆಮೇಲೆ ಗಟ್ಟಿ ಓದುಗಳ ಸಾಲು. ಟ್ಯಾಗು ಕೆಟ್ಟಿದೆ ಎಂದು ಕಿತ್ತುಹಾಕುವ ಮೊದಲು ಆಂಟೆನಾದ ಕಾಂತಕ್ಷೇತ್ರ ನೆನಪಿಸಿಕೊಳ್ಳಿ. ಚಪ್ಪಟೆ ಲೂಪಿನ ಒಳಗೆ ಕ್ಷೇತ್ರದ ಗೆರೆಗಳು ಕೆಳಮುಖವಾಗಿದ್ದರೆ ಹೊರಗಡೆ ಮೇಲ್ಮುಖ. ಅಂಚಿನಿಂದ ಸ್ವಲ್ಪ ಹೊರಗೆ ಗೆರೆಗಳು ನೆಲಕ್ಕೆ ಸಮಾನಾಂತರ, ಅಲ್ಲಿ ಚಪ್ಪಟೆ ಬಿಲ್ಲೆಯೊಳಗೆ ಏನೂ ಹಾಯುವುದಿಲ್ಲ. ಆ ಖಾಲಿ ಜಾಗದ ಆಚೆ ಎದುರು ದಿಕ್ಕಿನ ದುರ್ಬಲ ಕ್ಷೇತ್ರ ಇದೆಯಲ್ಲ, ಪವರ್ ಜಾಸ್ತಿ ಇಟ್ಟರೆ ಅಲ್ಲೂ ಟ್ಯಾಗು ಎಚ್ಚರವಾಗುತ್ತದೆ. ಮೊದಲ ಓದನ್ನೇ ಟ್ಯಾಗಿನ ಸ್ಥಾನ ಎಂದುಕೊಂಡ ಪ್ರೋಗ್ರಾಮು ಆಗ ಗಾಡಿಯನ್ನು ನೂರು ಮಿ.ಮೀ. ಮೊದಲೇ ನಿಲ್ಲಿಸಿಬಿಡಬಹುದು.

ಇದಕ್ಕೆ ಮದ್ದು ಪವರ್ ಏರಿಸುವುದಲ್ಲ, ಇಳಿಸುವುದು. ಗಾಡಿಯನ್ನು ಕೈಯಿಂದ ತಳ್ಳಿ, 5 ಮಿ.ಮೀ.ಗೊಮ್ಮೆ ಓದು ಇದೆಯೋ ಇಲ್ಲವೋ ಗುರುತು ಹಾಕಿ, ಪಕ್ಕದ ಓದು ಮಾಯವಾಗುವವರೆಗೆ ಇಳಿಸುತ್ತಾ ಹೋಗಿ. ಆಮೇಲೆ ಮೊದಲ ಮತ್ತು ಕೊನೆಯ ಓದಿನ ಮಧ್ಯಬಿಂದುವನ್ನೇ ಟ್ಯಾಗಿನ ಸ್ಥಾನ ಎನ್ನಿ. ಪವರ್ ತುಸು ಏರುಪೇರಾದರೂ ವಲಯ ಎರಡೂ ಕಡೆ ಸಮನಾಗಿ ಹಿಗ್ಗುವುದರಿಂದ ಮಧ್ಯ ಅಲುಗುವುದಿಲ್ಲ.

ಅಡ್ಡಲಾಗಿ ಎಷ್ಟು ಸರಿದಿದ್ದೇವೆ ಎಂಬುದನ್ನು ಒಂಟಿ ಲೂಪ್ ಹೇಳಲಾರದು. ದುಂಡನೆ ಆಂಟೆನಾ ಆದರೆ ಓದಿನ ಉದ್ದದಿಂದ ಊಹಿಸಬಹುದು. 120 ಮಿ.ಮೀ. ವ್ಯಾಸದಲ್ಲಿ 30 ಮಿ.ಮೀ. ಪಕ್ಕಕ್ಕೆ ಹೋದರೆ ಉದ್ದ 104ಕ್ಕೆ ಇಳಿಯುತ್ತದೆ. ಎಡಕ್ಕೋ ಬಲಕ್ಕೋ ಮಾತ್ರ ಗೊತ್ತಾಗದು. ಆದ್ದರಿಂದ ಅಡ್ಡ ದಿಕ್ಕಿಗೆ ನೆಲದಲ್ಲಿ ಗಾಡಿ ಹಿಂಬಾಲಿಸುವ ಮ್ಯಾಗ್ನೆಟಿಕ್ ಟೇಪು, ಉದ್ದ ದಿಕ್ಕಿಗೆ ಟ್ಯಾಗು ಎಂಬ ಜೋಡಿ ಇಂದಿಗೂ ಅಗ್ಗದ, ನಂಬಿಕೆಯ ದಾರಿ. ಟೇಪು ಬೇಡವೆಂದರೆ ಹಲವು ಸುರುಳಿಗಳಿರುವ ಪಟ್ಟಿ ಆಂಟೆನಾ ಬೇಕು, ಅದೂ ಹಿಂದೊಂದು ಮುಂದೊಂದು. ಒಂದು ಮೀಟರ್ ಅಂತರದ ಎರಡು ಓದಿನಲ್ಲಿ ತಲಾ 5 ಮಿ.ಮೀ. ತಪ್ಪಿದ್ದರೂ ಕೋನದ ತಪ್ಪು ಅರ್ಧ ಡಿಗ್ರಿ ದಾಟುತ್ತದೆ. ಹಾಗಾಗಿ ಎರಡು ಆಂಟೆನಾಗಳನ್ನು ಗಾಡಿಯ ಉದ್ದ ಬಿಟ್ಟಷ್ಟೂ ದೂರ ಕೂರಿಸಿ.

ತಡದ ಲೆಕ್ಕ

ಬಹಳ ಜನ ಬಿಟ್ಟುಬಿಡುವ ಭಾಗ ಇದು. ಟ್ಯಾಗು ಓದಿದ ಕ್ಷಣಕ್ಕೂ ಆ ಸುದ್ದಿ ಕಂಟ್ರೋಲರಿಗೆ ಮುಟ್ಟುವ ಕ್ಷಣಕ್ಕೂ ನಡುವೆ ಗಾಡಿ ಓಡುತ್ತಲೇ ಇರುತ್ತದೆ. ರೀಡರ್ ಆರ್‌ಎಸ್-485 ಸಂಪರ್ಕದಲ್ಲಿ 9600 ಬಾಡ್‌ಗೆ (ಸೆಕೆಂಡಿಗೆ ಅಷ್ಟು ಬಿಟ್) ಇದ್ದರೆ 20 ಬೈಟಿನ ಸಂದೇಶಕ್ಕೇ 21 ಮಿಲಿಸೆಕೆಂಡು. ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಅದು 21 ಮಿ.ಮೀ. 115200ಕ್ಕೆ ಏರಿಸಿದರೆ ಎರಡು ಮಿ.ಮೀ.ಯೊಳಗೆ ಬರುತ್ತದೆ. ಖರ್ಚಿಲ್ಲದೆ ಸಿಗುವ ನಿಖರತೆ ಅಂದರೆ ಇದು.

ಉಳಿದ ತಡವನ್ನು ಅಳೆಯುವುದು ಹೀಗೆ. ಗಾಡಿಯ ಮುಖ ತಿರುಗಿಸದೆ ಒಂದೇ ಟ್ಯಾಗಿನ ಮೇಲೆ ಅದೇ ವೇಗದಲ್ಲಿ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಓಡಿಸಿ. ವೇಗ ಸೆಕೆಂಡಿಗೆ 0.5 ಮೀಟರ್, ಟ್ಯಾಗಿನ ನಿಜವಾದ ಜಾಗ 2000 ಮಿ.ಮೀ. ಎಂದುಕೊಳ್ಳಿ. ಮುಂದೆ ಹೋಗುವಾಗ 2018, ಹಿಂದೆ ಬರುವಾಗ 1994 ಎಂದು ತೋರಿಸಿತು. ವ್ಯತ್ಯಾಸ 24, ಅದರ ಅರ್ಧ 12 ಮಿ.ಮೀ. ಅದನ್ನು 0.5ರಿಂದ ಭಾಗಿಸಿದರೆ ತಡ 24 ಮಿಲಿಸೆಕೆಂಡು. ಎರಡರ ಸರಾಸರಿ 2006, ಅಂದರೆ ಆಂಟೆನಾ ಕೂತ ಜಾಗದ ಅಳತೆಯನ್ನು ನಾವು 6 ಮಿ.ಮೀ. ತಪ್ಪು ಕೊಟ್ಟಿದ್ದೇವೆ. ಒಂದೇ ಪರೀಕ್ಷೆಯಲ್ಲಿ ಎರಡು ತಪ್ಪೂ ಬೇರೆ ಬೇರೆಯಾಗಿ ಸಿಕ್ಕವು. ತಡ ಸ್ಥಿರವಾಗಿದ್ದರೆ ವೇಗದಿಂದ ಗುಣಿಸಿ ಕಳೆದರೆ ಮುಗಿಯಿತು. ಸ್ಥಿರವಿಲ್ಲದಿದ್ದರೆ, ಅಂದರೆ ಪ್ರತಿ ಸಲ ಬೇರೆ ಬೇರೆ ಬರುತ್ತಿದ್ದರೆ, ಪಿಎಲ್‌ಸಿ ಸ್ಕ್ಯಾನಿನಲ್ಲಿ ಎಲ್ಲೋ ಸಂದೇಶ ಕ್ಯೂ ನಿಂತಿದೆ ಎಂದೇ ಹುಡುಕಲು ಶುರುಮಾಡಿ.

ನೆಲದ ಕೆಲಸ

30 ಮಿ.ಮೀ. ಬಿಲ್ಲೆಗೆ 32 ಮಿ.ಮೀ. ಕೋರ್ ಬಿಟ್‌ನಿಂದ 8 ಮಿ.ಮೀ. ಆಳದ ಗುಂಡಿ ತೋಡಿ, ತಳ ಸಮ ಮಾಡಿ. ಧೂಳನ್ನು ಊದಬೇಡಿ, ವ್ಯಾಕ್ಯೂಮ್‌ನಿಂದ ಎಳೆಯಿರಿ. ಧೂಳು ಉಳಿದ ಗುಂಡಿಯಲ್ಲಿ ಎಪಾಕ್ಸಿ ಕಚ್ಚಿಕೊಳ್ಳದೆ ಮೊದಲ ಫೋರ್ಕ್‌ಲಿಫ್ಟಿಗೇ ಬಿಲ್ಲೆ ಸಮೇತ ಕಿತ್ತು ಬರುತ್ತದೆ. ಬಿಲ್ಲೆ ನೆಲಮಟ್ಟಕ್ಕಿಂತ 3 ಮಿ.ಮೀ. ಕೆಳಗಿರಲಿ. ಎರಡು ಭಾಗದ ಎಪಾಕ್ಸಿ ಸುರಿಯುವ ಮೊದಲು ಕೈ ರೀಡರಿನಿಂದ ಓದಿ ಸಂಖ್ಯೆ ಬರೆದುಕೊಳ್ಳಿ. ಸುರಿದ ಮೇಲೆ 24 ಗಂಟೆ ಆ ಜಾಗಕ್ಕೆ ಬ್ಯಾರಿಕೇಡ್. ಗಾಜಿನ ಕೊಳವೆ ಟ್ಯಾಗಾದರೆ ಅದನ್ನು ಮಲಗಿಸಬಾರದು, ಗುಂಡಿಯಲ್ಲಿ ನೆಟ್ಟಗೆ ನಿಲ್ಲಿಸಬೇಕು. ಆಗಲೇ ಅದರ ಫೆರೈಟ್ ಸರಳು ಆಂಟೆನಾದ ಗೆರೆಗಳಿಗೆ ಹೊಂದಿಕೊಳ್ಳುವುದು.

ನಕ್ಷೆಯಲ್ಲಿ ಹಾಕುವ ಸಂಖ್ಯೆ ಡ್ರಾಯಿಂಗಿನದ್ದಾಗಿರಬಾರದು. ಕೂರಿಸಿದ ಮೇಲೆ ಸರ್ವೆಯವರ ಅಳತೆ ಉಪಕರಣ ಟೋಟಲ್ ಸ್ಟೇಷನ್ ಇಟ್ಟು ಅಳೆದದ್ದೇ ಬೇಕು. ಡ್ರಿಲ್ 10 ಮಿ.ಮೀ. ಜಾರುವುದು ಮಾಮೂಲು, ಅಳೆದು ಬರೆದುಕೊಂಡರೆ ಅದರಿಂದ ಏನೂ ತೊಂದರೆಯಿಲ್ಲ.

ಕಬ್ಬಿಣ 13.56ರ ಶತ್ರು. ಕಾಂಕ್ರೀಟಿನ ಸರಳು 50 ಮಿ.ಮೀ.ಗಿಂತ ಹತ್ತಿರ ಇದ್ದರೆ ಟ್ಯಾಗಿನ ಶ್ರುತಿ ತಪ್ಪುತ್ತದೆ. ತೋಡುವ ಮೊದಲು ರೀಬಾರ್ ಡಿಟೆಕ್ಟರ್ ಆಡಿಸಿ ನೋಡಿ. ಚರಂಡಿಯ ಉಕ್ಕಿನ ಮುಚ್ಚಳದ ಪಕ್ಕ ಹಾಕಲೇಬೇಕಾದರೆ ಬೆನ್ನಿಗೆ ಫೆರೈಟ್ ಇರುವ ಲೋಹಕ್ಕೆಂದೇ ಮಾಡಿದ ಟ್ಯಾಗು ತನ್ನಿ. ಗಾಡಿಯ ಕಡೆಯೂ ಇದೇ ಕಥೆ. ಆಂಟೆನಾವನ್ನು ಚಾಸಿಯ ಉಕ್ಕಿಗೆ ಅಂಟಿಸಿ ಕೂರಿಸಬೇಡಿ, ನಡುವೆ ಅಂತರ ಕೊಡಿ, ಕೂರಿಸಿದ ಮೇಲೆ ಮತ್ತೆ ಟ್ಯೂನ್ ಮಾಡಿ. ಆಂಟೆನಾಗೆ ಪೆಟ್ಟು ಬೀಳದಿರಲಿ ಎಂದು ಸುತ್ತಲೂ ಚೌಕಾಕಾರದ ಕಬ್ಬಿಣದ ಪಟ್ಟಿ ಬೆಸೆಯುವ ಫ್ಯಾಬ್ರಿಕೇಟರು ಎಲ್ಲ ಕಡೆಯೂ ಇರುತ್ತಾರೆ. ಆ ಮುಚ್ಚಿದ ಚೌಕ ಶಾರ್ಟ್ ಆದ ಒಂದು ಸುತ್ತಿನ ಸುರುಳಿಯಾಗಿ ಆಂಟೆನಾದ ಶಕ್ತಿಯನ್ನೆಲ್ಲ ಕುಡಿದುಬಿಡುತ್ತದೆ. ಒಂದು ಕಡೆ ಹ್ಯಾಕ್‌ಸಾದಿಂದ ಕತ್ತರಿಸಿ ಸುತ್ತನ್ನು ಮುರಿದರೆ ಓದು ಬಹುಮಟ್ಟಿಗೆ ವಾಪಸ್ ಬರುತ್ತದೆ.

ಎಲ್ಲೆಲ್ಲಿ ಹಾಕಬೇಕು? ಟೇಪಿನ ನೇರ ದಾರಿಯಲ್ಲಿ 5 ಮೀಟರಿಗೊಂದು ಸಾಕು. ನಿಲ್ದಾಣದ ಮುಂದೆ 500 ಮಿ.ಮೀ. ಮೊದಲೊಂದು, ವೇಗ ಇಳಿಸಲು. ನಿಲ್ಲುವ ಜಾಗದಲ್ಲೊಂದು. ಕವಲಿನ ಮುಂದೆ ಮಾತ್ರ ಜಿಪುಣತನ ಬೇಡ, ಜೋಡಿ ಹಾಕಿ. ಒಂದು ತಪ್ಪಿದರೆ ಇನ್ನೊಂದಿರುತ್ತದೆ. ಕವಚದಲ್ಲೂ ಟ್ಯಾಗುಗಳನ್ನು ಜೋಡಿಯಾಗಿಯೇ ಹಾಕುತ್ತಾರೆ.

ಟ್ಯಾಗಿನೊಳಗೆ ಏನು ಬರೆಯುವುದು

"ನಿಧಾನಿಸು", "ಎಡಕ್ಕೆ ತಿರುಗು" ಎಂಬ ಆದೇಶಗಳನ್ನೇ ಟ್ಯಾಗಿನಲ್ಲಿ ಬರೆಯುವ ಪದ್ಧತಿ ಅಗ್ಗದ ಎಜಿವಿಗಳಲ್ಲಿದೆ. ಒಂದು ಗಾಡಿ, ಒಂದು ವೃತ್ತ, ಐದಾರು ನಿಲ್ದಾಣ ಇದ್ದರೆ ಅದೇ ಸಲೀಸು, ಸಾಫ್ಟ್‌ವೇರ್ ಗೊಡವೆಯೇ ಇಲ್ಲ. ಅದಕ್ಕಿಂತ ದೊಡ್ಡದಾದರೆ ಬೇಡ. ಲೇಔಟ್ ಬದಲಾದಾಗಲೆಲ್ಲ ನೆಲದ ಮೇಲೆ ಮಂಡಿಯೂರಿ ಟ್ಯಾಗು ತಿದ್ದುವ ಕೆಲಸ ಯಾರಿಗೂ ಬೇಕಿಲ್ಲ. ಟ್ಯಾಗಿಗೆ ಹೆಸರು ಮಾತ್ರ ಇರಲಿ, ಅಲ್ಲಿ ಏನು ಮಾಡಬೇಕೆಂಬುದು ಗಾಡಿಯ ನಕ್ಷೆಯಲ್ಲಿರಲಿ.

ಪ್ರೋಗ್ರಾಮು ಟ್ಯಾಗಿಗಾಗಿ ಕಾಯಬಾರದು, ನಿರೀಕ್ಷಿಸಬೇಕು. ಮುಂದಿನ ಟ್ಯಾಗು ಯಾವುದು, ಎಷ್ಟು ದೂರಕ್ಕೆ ಎಂಬುದು ನಕ್ಷೆಯಲ್ಲಿದೆ. ಆ ದೂರಕ್ಕೆ 150 ಮಿ.ಮೀ. ಆಚೀಚೆ ಒಂದು ಕಿಟಕಿ ಇಡಿ. ಕಿಟಕಿ ಮುಗಿದರೂ ಟ್ಯಾಗು ಕಾಣದಿದ್ದರೆ ವೇಗ ಇಳಿಸಿ ಮುಂದುವರಿ, ಸತತ ಎರಡು ತಪ್ಪಿದರೆ ನಿಲ್ಲು. ನಿರೀಕ್ಷೆಯಿಲ್ಲದ ಟ್ಯಾಗು ಕಂಡರೆ ಆಗಲೇ ನಿಲ್ಲು: ಗಾಡಿ ಇನ್ನೊಂದು ದಾರಿ ಹಿಡಿದಿದೆ, ಇಲ್ಲವೇ ನಕ್ಷೆ ತಪ್ಪಿದೆ, ಎರಡರಲ್ಲಿ ಯಾವುದಾದರೂ ಮುಂದೆ ಹೋಗುವುದು ಒಳ್ಳೆಯದಲ್ಲ.

ಸುರಕ್ಷತೆಯ ಕೆಲಸಕ್ಕೆ ಟ್ಯಾಗನ್ನು ನಂಬಬೇಡಿ. ಇಕ್ಕಟ್ಟಾದ ಡಾಕಿಂಗ್ ಜಾಗದಲ್ಲಿ, ಯಾರಾದರೂ ಅಡ್ಡ ಬಂದರೆ ಗಾಡಿ ನಿಲ್ಲಿಸುವ ಲೇಸರ್ ಸ್ಕ್ಯಾನರಿನ ರಕ್ಷಣಾ ವಲಯವನ್ನು ಚಿಕ್ಕದು ಮಾಡಬೇಕಾಗುತ್ತದೆ. ಅದಕ್ಕೆ ಬರೀ "ಟ್ಯಾಗು ಓದಿದೆ" ಎಂಬ ಸಿಗ್ನಲ್ ಕೊಟ್ಟಿರುವ ಗಾಡಿಗಳಿವೆ. ಒಳಹೋಗುವಾಗ ಓದಿ, ಹೊರಬರುವಾಗ ಓದು ತಪ್ಪಿದರೆ ಆ ಗಾಡಿ ಚಿಕ್ಕ ವಲಯದಲ್ಲೇ ಜನರ ನಡುವೆ ಪೂರ್ತಿ ವೇಗದಲ್ಲಿ ಓಡುತ್ತದೆ. ಸಾಮಾನ್ಯ ಆರ್‌ಎಫ್‌ಐಡಿ ರೀಡರ್ ಸುರಕ್ಷತಾ ಉಪಕರಣವಲ್ಲ. ವಲಯ ಚಿಕ್ಕದಾಗಿರುವಷ್ಟು ಹೊತ್ತೂ ವೇಗ ಮಿತಿಯಲ್ಲಿದೆ ಎಂದು ಸುರಕ್ಷತಾ ಎನ್‌ಕೋಡರ್ ಖಚಿತಪಡಿಸಬೇಕು, ದೂರ ಅಥವಾ ಸಮಯ ಮುಗಿದೊಡನೆ ವಲಯ ತಾನಾಗಿ ದೊಡ್ಡದಾಗಬೇಕು. ಚಾಲಕರಹಿತ ಕೈಗಾರಿಕಾ ಟ್ರಕ್ಕುಗಳ ಮಾನದಂಡ ಐಎಸ್‌ಒ 3691-4 ಅನ್ನು ವಿನ್ಯಾಸದ ಶುರುವಿನಲ್ಲೇ ಓದಿಕೊಳ್ಳಿ.

ನಿರ್ವಹಣೆ

ಪ್ರತಿ ಸಲ ದಾಟುವಾಗಲೂ ಯಾವ ಗಾಡಿಗೆ ಯಾವ ಟ್ಯಾಗಿನಿಂದ ಎಷ್ಟು ಓದು ಸಿಕ್ಕಿತು ಎಂದು ಬರೆದಿಡುವ ಲಾಗ್ ಒಂದಿದ್ದರೆ ಮುಕ್ಕಾಲು ತೊಂದರೆ ಕೂತಲ್ಲೇ ಪತ್ತೆಯಾಗುತ್ತದೆ. ಬೇರೆ ಬೇರೆ ವೇಗದ ಓಟಗಳನ್ನು ಹೋಲಿಸಲು ಎಣಿಕೆಯನ್ನು ವೇಗದಿಂದ ಗುಣಿಸಿ ಇಟ್ಟುಕೊಳ್ಳಿ. ಎಂಟರಷ್ಟಿದ್ದ ಎಣಿಕೆ ಒಂದೇ ಟ್ಯಾಗಿನಲ್ಲಿ, ಎಲ್ಲ ಗಾಡಿಗಳಿಗೂ, ನಾಲ್ಕಕ್ಕೆ ಇಳಿದಿದೆಯೇ? ಟ್ಯಾಗಿನ ಮೇಲೆ ಏನೋ ಬಂದಿದೆ. ಲೇತಿನ ಕಬ್ಬಿಣದ ಸಿಪ್ಪೆ ಮೆತ್ತಿಕೊಂಡಿರಬಹುದು, ಯಾರೋ ಅಲ್ಯೂಮಿನಿಯಂ ಫಾಯಿಲ್ ಟೇಪಿನಿಂದ ಗುರುತು ಹಾಕಿರಬಹುದು, ಬಿಲ್ಲೆಯೇ ಬಿರಿದಿರಬಹುದು. ಎಲ್ಲ ಟ್ಯಾಗಿನಲ್ಲೂ ಒಂದೇ ಗಾಡಿಗೆ ಇಳಿದಿದ್ದರೆ ತಪ್ಪು ಗಾಡಿಯದು: ಆಂಟೆನಾ ಕೇಬಲಿನ ಕನೆಕ್ಟರ್ ಸಡಿಲ, ಬ್ರಾಕೆಟ್ ಬಾಗಿ ಎತ್ತರ ಬದಲು, ಇಲ್ಲವೇ ಹೊಸದಾಗಿ ಬೆಸೆದ ಯಾವುದೋ ಕಬ್ಬಿಣ. ಎಲ್ಲ ಗಾಡಿಗೂ ಎಲ್ಲ ಟ್ಯಾಗೂ ಒಮ್ಮೆಗೇ ಇಳಿದರೆ ಯಾರೋ ರೀಡರಿನ ಸೆಟ್ಟಿಂಗ್ ಮುಟ್ಟಿದ್ದಾರೆ.

ಟ್ಯಾಗು ಬದಲಿಸುವಾಗ ಹಳೆಯದನ್ನು ಪೂರ್ತಿ ತೆಗೆಯಿರಿ. ಸತ್ತಿದೆ ಎಂದುಕೊಂಡು ಪಕ್ಕದಲ್ಲೇ ಹೊಸದು ಹೂತರೆ, ಹಳೆಯದಕ್ಕೆ ಅರ್ಧ ಜೀವ ಉಳಿದಿದ್ದ ದಿನ ಒಂದೇ ಸ್ಲಾಟಿನಲ್ಲಿ ಎರಡೂ ಒಟ್ಟಿಗೆ ಉತ್ತರಿಸಿ ಆ ಜಾಗ ಕುರುಡಾಗುತ್ತದೆ. ಹೊಸ ಬಿಲ್ಲೆಯ 64 ಬಿಟ್ ಸಂಖ್ಯೆ ಬೇರೆ ಇರುವುದರಿಂದ ಅದನ್ನು ಎಲ್ಲ ಗಾಡಿಗಳ ಪಟ್ಟಿಯಲ್ಲೂ ತಿದ್ದಬೇಕು. ರಾತ್ರಿ ಪಾಳಿಯವರಿಗೆ ಆ ತೊಂದರೆ ಬೇಡವೆಂದರೆ ಮೊದಲಿನಿಂದಲೇ ಬ್ಲಾಕ್ ಸೊನ್ನೆಯಲ್ಲಿ ಎರಡು ಬೈಟಿನ ನೋಡ್ (ಆ ಜಾಗದ) ಸಂಖ್ಯೆ, ಎರಡು ಬೈಟಿನ ಸಿಆರ್‌ಸಿ (ಓದು ಸರಿಯೇ ಎಂದು ತಾಳೆ ನೋಡುವ ಸಂಖ್ಯೆ) ಬರೆದು ಅದನ್ನೇ ಓದಿಸಿ. ಪ್ರತಿ ಓದಿಗೆ 6 ಮಿಲಿಸೆಕೆಂಡು ಹೆಚ್ಚು ಖರ್ಚಾದರೂ ಯಾವ ಖಾಲಿ ಬಿಲ್ಲೆಯನ್ನಾದರೂ ಕೈ ರೀಡರಿನಿಂದ ಅದೇ ಸಂಖ್ಯೆ ಬರೆದು ಗುಂಡಿಗೆ ಇಳಿಸಬಹುದು. ಎಪಾಕ್ಸಿ ಒಣಗಿದ ಮೇಲೆ ಜಾಗವನ್ನು ಮತ್ತೆ ಅಳೆದು ನಕ್ಷೆಗೆ ಹಾಕಿ, ಮೊದಲ ಓಟ ನಿಧಾನ ವೇಗದಲ್ಲಿರಲಿ.